ರಾಸಾಯನಿಕ ಕ್ರಿಯೆಯ ವೇಗ: ಸಮೀಕರಣ ಹೇಳದ ಸಂಗತಿ

ಹತ್ತರವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ಟುವಿನಲ್ಲಿ ರಸಾಯನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಎದುರಿಸುವ ನಮ್ಮ ಮಕ್ಕಳು ಕ್ರಿಯಾವೇಗದ ಪಾಠದಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಸಮೀಕರಣದಲ್ಲಿ ಒಂದು ವಸ್ತುವಿನ ಎಡಕ್ಕೆ 2 ಎಂದಿದ್ದರೆ, ವೇಗ ನಿಯಮದಲ್ಲಿಯೂ ಅದಕ್ಕೆ ವರ್ಗ ಹಾಕಿಬಿಡುತ್ತಾರೆ. ಹೋಗುವುದು ಅಂಕ ಮಾತ್ರವಾದರೆ ಚಿಂತೆಯಿರಲಿಲ್ಲ. ಪಾಠದ ತಿರುಳೇ ಅಲ್ಲಿ ಕೈತಪ್ಪುತ್ತದೆ.

ಸಮೀಕರಣವೆಂದರೆ ಜಮಾಖರ್ಚಿನ ಪಟ್ಟಿ. ಏನು ಹೋಯಿತು, ಏನು ಬಂತು ಎಂಬಷ್ಟೇ ಅದರಲ್ಲಿದೆ. ನಡುವೆ ನಡೆದ ವ್ಯವಹಾರ ಅದರಲ್ಲಿಲ್ಲ. ವೇಗ ನಿಯಮವಾದರೋ ಪ್ರಯೋಗದಿಂದಲೇ ಸಿಗತಕ್ಕದ್ದು. ಉಳಿದುದನ್ನು ಹಾಗೆಯೇ ಇಟ್ಟು ಒಂದು ವಸ್ತುವಿನ ಸಾರತೆಯನ್ನು ಇಮ್ಮಡಿ ಮಾಡಿ ನೋಡಬೇಕು. ವೇಗವೂ ಇಮ್ಮಡಿಯಾದರೆ ಘಾತ 1, ನಾಲ್ಮಡಿಯಾದರೆ 2, ಏನೂ ಬದಲಾಗದಿದ್ದರೆ ಸೊನ್ನೆ.

ಕ್ರಿಯೆಯಲ್ಲಿ ಸೇರುವ ವಸ್ತುವಿಗೆ ವೇಗದಲ್ಲಿ ಪಾಲಿಲ್ಲದಿರುವುದುಂಟೇ? ಉಂಟು. ನೈಟ್ರೋಜನ್ ಡೈಆಕ್ಸೈಡಿನ ಒಂದು ಅಣುವೂ ಕಾರ್ಬನ್ ಮಾನಾಕ್ಸೈಡಿನ ಒಂದು ಅಣುವೂ ಸೇರಿ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಆಗುತ್ತವೆ ಎನ್ನುತ್ತದೆ ಸಮೀಕರಣ. ಆದರೆ ಸುಮಾರು 225 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೆ ವೇಗವು ಮೊದಲನೆಯದರ ವರ್ಗವನ್ನು ಅನುಸರಿಸುತ್ತದೆ. ಕಾರ್ಬನ್ ಮಾನಾಕ್ಸೈಡನ್ನು ಎಷ್ಟು ಹೆಚ್ಚಿಸಿದರೂ ವೇಗ ಕದಲದು.

ಅಂಗಳದ ತುಂಬ ಒಣಗಿದ ಅಡಿಕೆಯಿದೆ ಎನ್ನಿ. ಸುಲಿಯುವವರು ಇಬ್ಬರು, ಸುಲಿದುದನ್ನು ಗೋಣಿಗೆ ತುಂಬಿ ಹೊರಲು ಹತ್ತು ಮಂದಿ. ಹೊರುವವರನ್ನು ಇಪ್ಪತ್ತು ಮಾಡಿದರೆ ಗೋಣಿಗಳು ಹೆಚ್ಚಿಯಾವೇ? ಕ್ರಿಯೆಯಲ್ಲಿಯೂ ಹಾಗೆಯೇ. ಮೊದಲು ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳು ಡಿಕ್ಕಿಯಾಗಿ, ಒಂದು ತನ್ನ ಆಮ್ಲಜನಕದ ಪರಮಾಣುವನ್ನು ಇನ್ನೊಂದಕ್ಕೆ ಕೊಡುತ್ತದೆ. ಇದು ಸುಲಿಯುವ ಕೆಲಸ, ನಿಧಾನದ್ದು. ಹೆಚ್ಚಾಗಿ ಸಿಕ್ಕಿದ ಆ ಪರಮಾಣುವನ್ನು ಕಾರ್ಬನ್ ಮಾನಾಕ್ಸೈಡ್ ಕ್ಷಣದಲ್ಲಿ ಕಸಿದುಕೊಳ್ಳುತ್ತದೆ. ಇಂಥ ಹೆಜ್ಜೆಗಳ ಸರಣಿಗೇ ಕ್ರಿಯಾವಿಧಾನವೆಂದು ಹೆಸರು.

ಹಾಗಾದರೆ ವೇಗ ನಿಯಮ ಹೊಂದಿಬಿಟ್ಟರೆ ವಿಧಾನ ಸಿದ್ಧವಾದಂತೆಯೇ? ಇಲ್ಲಿ ದೊಡ್ಡವರೂ ಎಡವಿದ್ದಾರೆ. ನಾವು ಶಾಲೆಯಲ್ಲಿ ಜಲಜನಕವೆಂದು ಕಲಿತ ಹೈಡ್ರೋಜನ್, ಅಯೋಡಿನ್‌ನೊಡನೆ ಕೂಡಿ ಹೈಡ್ರೋಜನ್ ಅಯೋಡೈಡ್ ಆಗುತ್ತದೆ. ಜರ್ಮನಿಯ ಮ್ಯಾಕ್ಸ್ ಬೋಡನ್‌ಸ್ಟೈನ್ 1890ರ ದಶಕದಲ್ಲಿ ಇದರ ವೇಗವನ್ನು ಅಳೆದರು. ಅದು ಎರಡರ ಸಾರತೆಗಳ ಗುಣಲಬ್ಧಕ್ಕೆ ಅನುಗುಣವಾಗಿತ್ತು. ಒಂದು ಅಣು ಇನ್ನೊಂದಕ್ಕೆ ನೇರವಾಗಿ ಡಿಕ್ಕಿಯಾಗುತ್ತದೆ, ಮುಗಿಯಿತು ಎಂದು ಎಲ್ಲರೂ ನಂಬಿದರು. ಪುಸ್ತಕಗಳೂ ಅದನ್ನೇ ಮಾದರಿಯಾಗಿ ಕೊಟ್ಟವು. (ಅದೇ ಬೋಡನ್‌ಸ್ಟೈನ್ 1907ರಲ್ಲಿ ಲಿಂಡ್ ಜತೆ ಬ್ರೋಮಿನ್ ಹಿಡಿದಾಗ ನಿಯಮದಲ್ಲಿ ವರ್ಗಮೂಲವೇ ಕಾಣಿಸಿಕೊಂಡಿತ್ತು. ಒಂದೇ ರೂಪದ ಸಮೀಕರಣ, ಎಷ್ಟು ಬೇರೆ ನಡತೆ! ಆಗಲೇ ಸಂಶಯ ಬರಬೇಕಾಗಿತ್ತೇನೋ.)

1967ರಲ್ಲಿ ಅಮೆರಿಕದ ಸಲಿವನ್, ಈ ಕ್ರಿಯೆ ತಾನಾಗಿ ಬಲು ನಿಧಾನವಾಗಿರುವ ಉಷ್ಣತೆಯಲ್ಲಿ ಹಳದಿ ಬೆಳಕು ಹಾಯಿಸಿ ಅಯೋಡಿನ್ ಅಣುಗಳನ್ನು ಪರಮಾಣುಗಳಾಗಿ ಒಡೆದರು. ಅಣುಗಳ ನೇರ ಡಿಕ್ಕಿಯೇ ನಿಜವಾಗಿದ್ದರೆ ಬೆಳಕಿನಿಂದ ವೇಗ ಏರಬಾರದು. ಏರಿತು, ಅದೂ ಪರಮಾಣುಗಳ ಸಾರತೆಯ ವರ್ಗಕ್ಕೆ ಸರಿಯಾಗಿ. ಅಯೋಡಿನ್ ಮೊದಲು ಎರಡಾಗಿ ಒಡೆಯುತ್ತದೆ, ಆಮೇಲೆ ಆ ಎರಡೂ ಪರಮಾಣುಗಳು ಹೈಡ್ರೋಜನ್ ಅಣುವಿನೊಡನೆ ಸೇರುತ್ತವೆ ಎಂದು ಅವರು ತೀರ್ಮಾನಿಸಿದರು. ಒಡೆಯುವುದೂ ಕೂಡುವುದೂ ಸಮತೋಲದಲ್ಲಿರುವಾಗ ಪರಮಾಣುಗಳ ವರ್ಗ ಅಣುಗಳ ಸಾರತೆಗೆ ಅನುಗುಣವಾದ್ದರಿಂದ, ಈ ದಾರಿಯಲ್ಲಿ ಹೋದರೂ ಸಿಗುವುದು ಬೋಡನ್‌ಸ್ಟೈನರ ಅದೇ ನಿಯಮ! ಅಳತೆ ಸುಳ್ಳಾಗಲಿಲ್ಲ, ಅದರ ಮೇಲೆ ಕಟ್ಟಿದ ಕತೆ ಅಲುಗಾಡಿತು. ಸಲಿವನರ ತೀರ್ಮಾನದ ಮೇಲೂ ಮುಂದೆ ವಾದ ನಡೆದಿದೆ.

ಹೈಡ್ರೋಜನ್ ಅಯೋಡೈಡಿನ ವಿಘಟನೆಯನ್ನು ಎರಡು ಅಣುಗಳ ನೇರ ಡಿಕ್ಕಿಗೆ ಉದಾಹರಣೆಯಾಗಿ ಕೊಡುವ ಪಠ್ಯಪುಸ್ತಕಗಳು ಈಗಲೂ ಇವೆ. ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆಯಲಿ, ಅಂಕ ಬಿಡುವುದು ಬೇಡ. ಪುಸ್ತಕದ ಅಂಚಿನಲ್ಲಿ ಮಾತ್ರ ಪೆನ್ಸಿಲಿನಿಂದ 1967 ಎಂದು ಗುರುತು ಹಾಕಿಕೊಂಡಿರಲಿ.