ಹುಣಸೂರಿನ ಗುರುಪುರ: ಹೊಲಗಳ ನಡುವಿನ ವಿದ್ಯಾಪೀಠ

ಹುಣಸೂರಿನಿಂದ ನಾಗರಹೊಳೆ ಕಾಡಿನ ದಿಕ್ಕಿಗೆ ಸಾಗಿದರೆ ಮುಸುಕಿನ ಜೋಳದ ಹೊಲಗಳ ನಡುವೆ ಗುರುಪುರ ಸಿಗುತ್ತದೆ. ಸುತ್ತಲಿನ ಹಳ್ಳಿಗರಿಗೆ ಇದು ಟಿಬೆಟ್ ಕ್ಯಾಂಪು; ಇಲ್ಲಿ ನೆಲೆಸಿದವರು ಇಟ್ಟುಕೊಂಡ ಹೆಸರು ರಬ್‌ಗ್ಯೇಲಿಂಗ್. ಮೈಸೂರಿನಿಂದ ಮಡಿಕೇರಿಗೆ ಹೊರಟ ಪ್ರವಾಸಿಗರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇಳಿಯುತ್ತಾರೆ, ಚಿನ್ನದ ಬುದ್ಧನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಟಿಬೆಟ್ ನೋಡಿದ್ದಾಯಿತು ಎಂದುಕೊಂಡು ಮುಂದೆ ಹೋಗುತ್ತಾರೆ. ಗುರುಪುರದಲ್ಲಿ ಅಂಥ ಹೊಳಪು ಕಡಿಮೆ, ನಿಜ. ಆದರೆ ಊರಿನ ಹಿರಿಮೆಯನ್ನು ಹೊಳಪಿನಿಂದ ಅಳೆಯದೆ ಅಲ್ಲಿ ಉಳಿದುಬಂದ ವಿದ್ಯೆಯಿಂದ ಅಳೆದರೆ, ಈ ಪುಟ್ಟ ಊರು ಬೈಲಕುಪ್ಪೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಇಲ್ಲಿನ ಗ್ಯುದ್‌ಮೆದ್ ತಾಂತ್ರಿಕ ಮಠವೇ ಇದಕ್ಕೆ ಸಾಕ್ಷಿ. ತ್ಸೋಂಗ್ಖಪ ಎಂಬ ಮಹಾಗುರುವಿನ ಶಿಷ್ಯ ಶೆರಬ್ ಸೆಂಗೆ 1433ರಲ್ಲಿ ಟಿಬೆಟ್‌ನಲ್ಲಿ ಇದನ್ನು ಸ್ಥಾಪಿಸಿದ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಈ ಮಠದ ಕೆಲವು ಭಿಕ್ಷುಗಳೂ ಗಡಿ ದಾಟಿದರು. ಹಿಮಾಲಯದ ತಪ್ಪಲಲ್ಲಿ ಕೆಲಕಾಲ ಕಳೆದು, 1972ರಲ್ಲಿ ಹುಣಸೂರಿನ ಈ ನೆಲದಲ್ಲಿ ಮಠವನ್ನು ಮತ್ತೆ ಕಟ್ಟಿದರು. ಟಿಬೆಟಿನ ಬೌದ್ಧರ ಗೆಲುಗ್ ಪರಂಪರೆಯಲ್ಲಿ ವರ್ಷಗಟ್ಟಲೆ ತರ್ಕ, ದರ್ಶನ ಓದಿ ಗೆಶೆ ಲಾರಂಪ ಪದವಿ ಪಡೆದವರು ತಂತ್ರಶಾಸ್ತ್ರದ ಅಭ್ಯಾಸಕ್ಕೆ ಸೇರುವುದು ಎರಡು ವಿದ್ಯಾಲಯಗಳಿಗೆ: ಹಿಮಾಚಲದಲ್ಲಿರುವ ಗ್ಯುತೊ ಒಂದು, ಗುರುಪುರದ ಗ್ಯುದ್‌ಮೆದ್ ಇನ್ನೊಂದು. ಆ ಪರಂಪರೆಯ ಅತ್ಯುನ್ನತವಾದ ಗಾಂದೆನ್ ಪೀಠವನ್ನು ಏರುವವರು ಇವೆರಡರಲ್ಲೊಂದರ ಮಠಾಧೀಶರಾಗಿದ್ದವರೇ ಆಗಿರುತ್ತಾರೆ. ಒಬ್ಬನೇ ಭಿಕ್ಷುವಿನ ಕಂಠದಿಂದ ಏಕಕಾಲಕ್ಕೆ ಹಲವು ಸ್ವರ ಹೊರಡುವ ಮಂದ್ರ ಮಂತ್ರಪಠಣ, ಬಣ್ಣದ ಮರಳನ್ನು ಚಿಟಿಕೆಚಿಟಿಕೆಯಾಗಿ ಉದುರಿಸಿ ಬರೆದು, ಪೂಜೆ ಮುಗಿದೊಡನೆ ಅಳಿಸಿಬಿಡುವ ಮಂಡಲ, ಇವೂ ಇಲ್ಲಿನ ಪಾಠದ ಭಾಗ. ಟಿಬೆಟ್‌ನ ನೈಋತ್ಯ ಮೂಲೆಯ ಕ್ಯಿರೋಂಗ್ ಸೀಮೆಯಿಂದ ಬಂದ ಜೋಂಕರ್ ಚೋಡೆ ಮಠವೂ ಇದೇ ವಸತಿಯಲ್ಲಿದೆ.

ಇದೆಲ್ಲ ಹೊರಗಿನಿಂದ ಬಂದವರ ಚರಿತ್ರೆ, ಹುಣಸೂರಿನದಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಈ ವಸತಿ ಆರಂಭವಾದಾಗ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರು. ಕರ್ನಾಟಕವೆಂಬ ನಾಮಕರಣ ಆದದ್ದು 1973ರ ನವೆಂಬರ್ 1ರಂದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದದ್ದೂ 1972ರಲ್ಲೇ. ಅದೇ ಕಲ್ಲಹಳ್ಳಿಯಲ್ಲಿ 16ನೇ ಶತಮಾನದಲ್ಲಿ ‘ಸಮ್ಯಕ್ತ್ವ ಕೌಮುದಿ’ ಬರೆದ ಜೈನ ಕವಿ ಮೂರನೆಯ ಮಂಗರಸನಿದ್ದ. ಆಗ ಈ ಸೀಮೆ ಶೈವರಾದ ಚಂಗಾಳ್ವರ ಆಳ್ವಿಕೆಗೆ ಸೇರಿತ್ತು. ಮುಂದೆ ಅಮೃತಮಹಲ್ ದನಗಳ ಇಲಾಖೆ, ಚರ್ಮ ಹದಮಾಡುವ ಕಾರ್ಖಾನೆ, ಕೊಡಗಿನ ಕಾಫಿ ವ್ಯಾಪಾರ ಎಲ್ಲವೂ ಹುಣಸೂರಿಗೆ ಹೊರಗಿನ ಜನರನ್ನು ಕರೆತಂದವು. ಬೌದ್ಧ ಧರ್ಮವಂತೂ ಕನ್ನಡ ನೆಲಕ್ಕೆ ಹೊಸದಲ್ಲ. ಮಸ್ಕಿ, ಬ್ರಹ್ಮಗಿರಿಯ ಅಶೋಕನ ಶಾಸನಗಳೂ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪವೂ ಅದಕ್ಕೆ ಗುರುತು. ಬಂದವರಿಗೆ ಜಾಗ ಕೊಟ್ಟು ಬೆಳೆದ ಸೀಮೆಯಲ್ಲಿ, ಅರ್ಧ ಶತಮಾನ ದಾಟಿದ ಊರನ್ನು ಪರಕೀಯವೆನ್ನಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಲ್ಲಿನ ಬೇಸಾಯ ಬಹುಪಾಲು ಮಳೆಯನ್ನು ನಂಬಿದ್ದು. ಕಾಡಂಚಿನ ಹೊಲಗಳಿಗೆ ಆನೆಗಳ ಕಾಟ ಬೇರೆ. ಆದಾಯ ಸಾಲದೆ ಎಷ್ಟೋ ಕುಟುಂಬಗಳು ಚಳಿಗಾಲಕ್ಕೆ ದೂರದ ನಗರಗಳಿಗೆ ಸ್ವೆಟರ್ ಮಾರಲು ಹೋಗುತ್ತವೆ, ಓದಿದ ಯುವಕರು ವಿದೇಶದ ದಾರಿ ಹಿಡಿಯುತ್ತಿದ್ದಾರೆ. ಹೀಗಿರುವಾಗ ಊರು ಉಳಿದೀತೇ? ಮನೆಗಳ ಮಟ್ಟಿಗೆ ಈ ಆತಂಕ ಸರಿಯಾದುದೇ. ಆದರೆ ವಿದ್ಯೆಯ ಮಟ್ಟಿಗೆ ಚಿತ್ರ ಬೇರೆ. ಲಡಾಖ್, ಅರುಣಾಚಲ, ನೇಪಾಳದಂಥ ಹಿಮಾಲಯದ ಸೀಮೆಗಳಿಂದ ದಕ್ಷಿಣದ ಈ ಮಠಗಳಿಗೆ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಟಿಬೆಟ್‌ನಿಂದ ಬರುವವರು ವಿರಳವಾದರೂ ಪಾಠ ನಿಂತಿಲ್ಲ. ಊರನ್ನು ಉಳಿಸುವ ಶಕ್ತಿ ಇರುವುದು ಆ ಪಾಠದಲ್ಲೇ.

ಆದ್ದರಿಂದ ಗುರುಪುರವನ್ನು ಬೈಲಕುಪ್ಪೆಯಂತೆ ಪ್ರವಾಸಿತಾಣ ಮಾಡಬೇಕೆಂಬ ಮಾತನ್ನು ಯೋಚಿಸಿಯೇ ಆಡಬೇಕು. ಬಸ್ಸುಗಟ್ಟಲೆ ಜನ ಬಂದರೆ ಅಂಗಡಿಗಳಿಗೆ ನಾಲ್ಕು ಕಾಸು ಸಿಗಬಹುದು; ಪಾಠದ ಮೌನ ಕೆಡುತ್ತದೆ. ನಾಗರಹೊಳೆಗೋ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿಗೋ ಹೊರಟವರು ಅರ್ಧ ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬರಲಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಪ್ರಾರ್ಥನೆ ನಡೆದಿದ್ದರೆ ಹಿಂದೆ ಕುಳಿತು ಕೇಳಿ, ಕೇಳದೆ ಫೋಟೊ ತೆಗೆಯಬೇಡಿ. ಆಮೇಲೆ ಮೊಮೊ, ತುಕ್ಪ ತಿಂದು ಹೊರಡಿ. ಈ ಊರನ್ನು ನೋಡಲು ಟಿಕೆಟ್ ಬೇಡ, ಒಂದಿಷ್ಟು ವ್ಯವಧಾನ ಸಾಕು.