ಮುಟ್ಟಿದರೆ ಕೆಡುವುದಿಲ್ಲ, ಮುಟ್ಟದಿದ್ದರೆ ಬರುವುದಿಲ್ಲ

‘ನಮ್ಮ ಹುಡುಗನಿಗೆ ಕಂಪ್ಯೂಟರ್ ಏನು ಕಲಿಸೋದು, ಮೊಬೈಲನ್ನೇ ಅರೆದು ಕುಡಿದಿದ್ದಾನೆ’ ಎನ್ನುವ ಅಪ್ಪ–ಅಮ್ಮ ಊರೂರಲ್ಲೂ ಇದ್ದಾರೆ. ಯೂಟ್ಯೂಬ್ ನೋಡುವುದು, ಗೇಮ್ ಆಡುವುದು ಬರೀ ಕೈರೂಢಿ. ಅದೇ ಹುಡುಗನಿಗೆ ನಾಲ್ಕು ಸಾಲು ಟೈಪ್ ಮಾಡಿ ತನ್ನ ಹೆಸರಿನ ಫೋಲ್ಡರಿನಲ್ಲಿ ಸೇವ್ ಮಾಡು, ನಾಳೆ ಹುಡುಕಿ ತೆಗೆ ಎನ್ನಿ. ತಡವರಿಸುವ ಸಂಭವವೇ ಹೆಚ್ಚು. ಫೈಲು ಎಲ್ಲಿ ಕೂರುತ್ತದೆ ಎಂಬುದನ್ನು ಮೊಬೈಲಿನ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಸೇವ್ ಮಾಡುವ ಮುಂಚೆ ಕರೆಂಟು ಹೋದರೆ ಬರೆದದ್ದೂ ಹೋಗುತ್ತದೆ ಏಕೆ? ರ‍್ಯಾಮ್‌ನಲ್ಲಿರುವುದು ವಿದ್ಯುತ್ ಇರುವ ತನಕ ಮಾತ್ರ, ಹಾರ್ಡ್ ಡಿಸ್ಕಿಗೆ ಸೇರಿದ್ದು ಉಳಿಯುತ್ತದೆ. ಮೊದಲ ಪಾಠಗಳಲ್ಲೇ ಇದು ಬರಬೇಕು.

ಇಂಗ್ಲಿಷ್ ಬಾರದವರಿಗೆ ಕಂಪ್ಯೂಟರ್ ದಕ್ಕದು ಎಂಬ ನಂಬಿಕೆಯಂತೂ ಹಳ್ಳಿಯ ಮಕ್ಕಳ ಧೈರ್ಯವನ್ನೇ ಕಸಿದಿದೆ. ಯಂತ್ರದೊಳಗೆ ಇರುವುದು ಸಂಖ್ಯೆಗಳು. ಯೂನಿಕೋಡ್‌ನಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಗೆ 65, ನಮ್ಮ ‘ಕ’ಗೆ 3221. ಯಂತ್ರಕ್ಕೆ ಇದರಲ್ಲಿ ಹೆಚ್ಚು–ಕಡಿಮೆ ಇಲ್ಲ. ಮೊದಲ ದಿನವೇ ಕನ್ನಡದಲ್ಲಿ ಟೈಪ್ ಮಾಡಿಸಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ‘ನುಡಿ’ ತಂತ್ರಾಂಶದಲ್ಲಿ ಎ, ಕೆ, ಎಫ್, ಕೆ ಒತ್ತಿದರೆ ‘ಅಕ್ಕ’ ಮೂಡುತ್ತದೆ. ಒತ್ತಕ್ಷರ ತರುವುದು ಎಫ್. ಒತ್ತಕ್ಷರ ಕಲಿತ ಮಗುವಿಗೆ ಇದು ಚಿಟಿಕೆ ಹೊಡೆದಷ್ಟು ಸುಲಭ.

ಲ್ಯಾಬ್ ಇಲ್ಲದ ಶಾಲೆಯಲ್ಲಿ ಪಾಠವೇ ಆಗದು ಎಂಬುದೂ ಸರಿಯಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಜೊತೆಗಾರರು ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ಜನಪ್ರಿಯಗೊಳಿಸಿದ್ದಾರೆ. ಐದು ರಟ್ಟು ಸಾಕು. ಅವುಗಳ ಮೇಲೆ 16, 8, 4, 2, 1 ಚುಕ್ಕೆ ಇಟ್ಟು, ಐದು ಮಕ್ಕಳ ಕೈಗೆ ಕೊಟ್ಟು ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿ. ‘ಹದಿಮೂರು’ ಎಂದು ಕೂಗಿದರೆ 8, 4, 1 ಹಿಡಿದವರು ಚುಕ್ಕೆ ತೋರಿಸುತ್ತಾರೆ, ಉಳಿದಿಬ್ಬರು ರಟ್ಟು ಮಗುಚುತ್ತಾರೆ. ತೋರಿದ್ದು ಒಂದು, ಮಗುಚಿದ್ದು ಸೊನ್ನೆ: 01101. ಸೊನ್ನೆಯಿಂದ 31ರವರೆಗೆ ಯಾವ ಸಂಖ್ಯೆ ಕೂಗಿದರೂ ಉತ್ತರ ಇದೆ, ಅದೂ ಒಂದೇ ಒಂದು. ಆರನೆಯವರು ಬಂದು ಸೇರಿದರೆ 63ರವರೆಗೆ. ಆರನೆಯ ರಟ್ಟಿಗೆ ಎಷ್ಟು ಚುಕ್ಕೆ ಬೇಕೆಂದು ಮಕ್ಕಳನ್ನೇ ಕೇಳಿ, ನೀವು ಹೇಳಬೇಡಿ.

ಇನ್ನು ಚಪ್ಪಲಿ ಬಿಟ್ಟು ಒಳಬಂದರೆ ವೈರಸ್ ಬರುವುದಿಲ್ಲ ಎಂಬ ಮಾತು. ಚಪ್ಪಲಿ ಬಿಟ್ಟರೆ ಧೂಳು ಕಡಿಮೆಯಾಗುತ್ತದೆ, ಒಳ್ಳೆಯದೇ. ವೈರಸ್ ಎಂಬುದು ಯಾರೋ ಬರೆದ ಪ್ರೋಗ್ರಾಂ. ಅದು ಬರುವುದು ಪೆನ್ ಡ್ರೈವ್, ಇಂಟರ್ನೆಟ್ ಮೂಲಕ.

ಮಕ್ಕಳು ಮುಟ್ಟಿದರೆ ಕೆಡುತ್ತದೆಂಬ ಹೆದರಿಕೆಯಿಂದ ಹೊದಿಕೆ ಹೊದಿಸಿ ಬೀಗ ಹಾಕಿಟ್ಟ ಕಂಪ್ಯೂಟರುಗಳನ್ನು ಕಂಡರೆ ಸಂಕಟವಾಗುತ್ತದೆ. ತಪ್ಪು ಕೀ ಒತ್ತಿದರೆ ಯಂತ್ರ ಒಡೆಯುವುದಿಲ್ಲ. ಟೈಪಿಂಗಿನ ತಪ್ಪನ್ನು ಕಂಟ್ರೋಲ್–ಝಡ್ ಹಿಂದಕ್ಕೆ ತರುತ್ತದೆ. ಅಳಿಸಿದ ಫೈಲು ಸಾಮಾನ್ಯವಾಗಿ ರೀಸೈಕಲ್ ಬಿನ್‌ನಲ್ಲಿ ಸಿಗುತ್ತದೆ. ಒಂದು ಯಂತ್ರಕ್ಕೆ ಇಬ್ಬರನ್ನು ಕೂರಿಸಿ, ಒಬ್ಬರು ಹೇಳಲಿ, ಒಬ್ಬರು ಒತ್ತಲಿ, ಅರ್ಧ ಪೀರಿಯಡ್ಡಿಗೆ ಜಾಗ ಬದಲಿಸಲಿ. ಮೇಷ್ಟ್ರು ಮೌಸ್ ಹಿಡಿಯದೆ ಹಿಂದೆ ನಿಂತಿರಲಿ.