ಮಕ್ಕಳೊಡನೆ ಕಡಲ ಸೀಮೆಗೆ

ವಾರ್ಷಿಕ ಪರೀಕ್ಷೆಗಳು ಮುಗಿಯುತ್ತಲೇ ಘಟ್ಟದ ಮೇಲಣ ಊರುಗಳ ಗೃಹಸ್ಥರಲ್ಲಿ, ಮುಖ್ಯವಾಗಿ ಕಚೇರಿಯ ಉದ್ಯೋಗಸ್ಥರಲ್ಲಿ, ಒಂದು ಸಂಕಲ್ಪವು ಹುಟ್ಟುವುದುಂಟು: ಈ ಸಲ ಮಕ್ಕಳಿಗೆ ಸಮುದ್ರವನ್ನು ತೋರಿಸಬೇಕು. ಸಂಕಲ್ಪವೇನೋ ಸ್ತುತ್ಯವಾದುದೇ. ಆದರೆ ಹೊರಡುವ ದಿನವನ್ನು ಗೊತ್ತುಮಾಡುವವರಾರು? ಕಚೇರಿಯ ರಜೆಯ ಪಟ್ಟಿ, ಶಾಲೆಯ ವೇಳಾಪಟ್ಟಿ, ಬಂಧುಗಳ ಮನೆಯ ಮದುವೆ, ಇವಿಷ್ಟೇ. ಕಡಲನ್ನು ಕೇಳುವವರೊಬ್ಬರೂ ಇಲ್ಲ. ಕಡಲಿಗೂ ತನ್ನದೇ ಒಂದು ಪಂಚಾಂಗವುಂಟೆಂಬುದನ್ನೂ, ಮಕ್ಕಳನ್ನು ಕರೆತರುವವರು ಅದನ್ನೇ ಮೊದಲು ತೆರೆದು ನೋಡತಕ್ಕದ್ದೆಂಬುದನ್ನೂ ನಮ್ಮ ವಾಚಕರ ಲಕ್ಷ್ಯಕ್ಕೆ ತರಲಿಚ್ಛಿಸುತ್ತೇವೆ.

ದಕ್ಷಿಣ ಕನ್ನಡದ ಕಡಲು ವರ್ಷವಿಡೀ ಒಂದೇ ತೆರನಾಗಿರುವುದಲ್ಲ. ಮೇ ತಿಂಗಳ ಕಡೆಯ ಭಾಗದಲ್ಲಿಯೇ ನೀರು ಕದಡತೊಡಗುವುದು. ಜೂನ್ 1ರಿಂದ ಜುಲೈ 31ರ ವರೆಗೆ, ಮೀನಿನ ಸಂತತಿಯು ಉಳಿಯಲೆಂದು, ಯಂತ್ರದ ದೋಣಿಗಳಿಗೆ ಮೀನುಗಾರಿಕೆಯು ನಿಷಿದ್ಧ. ಆಗ ಅವೆಲ್ಲ ಬಂದರಗಳಲ್ಲಿ ತಂಗಿರುತ್ತವೆ. ಮಳೆಗಾಲದ ಹೆದ್ದೆರೆಗಳು ದಂಡೆಯ ಮರಳನ್ನು ಕೆತ್ತಿ ಸೆಳೆದೊಯ್ದು, ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತವೆ. ದಂಡೆಯು ಕಡಿದಾಗುತ್ತದೆ. ದಿಬ್ಬವನ್ನು ದಾಟಿ ಬಂದ ನೀರು ಹಿಂದಿರುಗುವಾಗ ಎಲ್ಲಿ ಕಂಡಿಯು ಸಿಕ್ಕುವುದೋ ಅಲ್ಲಿ ಒಟ್ಟುಗೂಡಿ ಹೊಳೆಯಂತೆ ಹೊರಕ್ಕೆ ಹರಿಯುವುದು. ಆ ಸೆಳವಿನ ಮೇಲೆ ತೆರೆಗಳು ಅಷ್ಟಾಗಿ ಒಡೆಯುವುದಿಲ್ಲವಾದುದರಿಂದ ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ತೋರುವುದು. ಮಕ್ಕಳನ್ನು ಅಲ್ಲಿಯೇ ಇಳಿಸುವರು. ಸೆಳವು ಮನುಷ್ಯನನ್ನು ಕೆಳಕ್ಕೆಳೆಯುವುದಿಲ್ಲ, ಹೊರಕ್ಕೊಯ್ಯುವುದು. ಅದಕ್ಕೆದುರಾಗಿ ಈಜಿ ಬಳಲಿದವನು ಮುಳುಗುವನು; ದಂಡೆಯ ಉದ್ದಕ್ಕೆ ಈಜಿದವನು ಪಾರಾಗಬಲ್ಲನು. ಆದರೆ ಏಳು ವರ್ಷದ ಮಗುವಿಗೆ ಈ ಶಾಸ್ತ್ರವನ್ನು ಬೋಧಿಸಲು ಆಗ ವ್ಯವಧಾನವೆಲ್ಲಿ? ತಂದೆಯ ಮೊಣಕಾಲಿಗೆ ಬರುವ ನೀರು ಮಗುವಿನ ಸೊಂಟಕ್ಕೆ ಬರುವುದೆಂಬಷ್ಟನ್ನು ತಂದೆಯೇ ಅರಿತರೆ ಸಾಕು. ಮೊಬೈಲಿನಲ್ಲಿ ಚಿತ್ರ ತೆಗೆಯುವ ಭರದಲ್ಲಿ ಅದನ್ನೂ ಅವನು ಮರೆಯುವನು.

ಹಾಗಾದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಬರಬಹುದಷ್ಟೆ ಎನ್ನುವರು. ಬರಬಹುದು, ಬಂದವರು ಬೆವರುವರು. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನ ನೀರೇ ಮಂಗಳೂರಿಗೆ ಆಧಾರ. 2016ರ ಮತ್ತು 2019ರ ಬೇಸಗೆಗಳಲ್ಲಿ ನಗರಕ್ಕೆ ನೀರನ್ನು ಪಾಳಿಯ ಮೇಲೆ ಬಿಡಬೇಕಾಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಇಂಥದು ನಡೆಯುವುದು ವಿಚಿತ್ರವೆನಿಸಬಹುದು, ಆದರೂ ಸತ್ಯ. ಅಂಥ ದಿನಗಳಲ್ಲಿ ಆರು ಜನರ ಸಂಸಾರವೊಂದು ಬಂಧುವಿನ ಮನೆಬಾಗಿಲಿಗೆ ಬಂದಿಳಿದರೆ ಆತನು ನಗುನಗುತ್ತ ಸ್ವಾಗತಿಸುವನು, ಬಳಿಕ ತೊಟ್ಟಿಯೊಳಗೆ ಇಣಿಕಿ ನೋಡುವನು.

ನಮ್ಮ ಅಭಿಪ್ರಾಯದಲ್ಲಿ ಮಕ್ಕಳಿಗೆ ಯೋಗ್ಯವಾದ ಕಾಲವು ಅಕ್ಟೋಬರಿನ ದಸರೆಯ ರಜೆಯಿಂದ ಮೊದಲಾಗುವುದು. ಡಿಸೆಂಬರ್, ಜನವರಿ ಅದಕ್ಕಿಂತಲೂ ಮೇಲು. ಅಷ್ಟರೊಳಗೆ ಕಡಲು ಒಯ್ದ ಮರಳನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಕೊಟ್ಟು ದಂಡೆಯನ್ನು ಅಗಲಮಾಡಿರುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ ನವರಾತ್ರಿಯು ವಿಜೃಂಭಣೆಯಿಂದ ನಡೆಯುವುದು. ಬೀದಿಯಲ್ಲಿ ಹುಲಿವೇಷಗಳ ತಾಸೆಯ ಸದ್ದು ಕೇಳಿದ ಮಗುವು ಮೈಸೂರಿನ ಆನೆಯನ್ನೂ ಮರೆತೀತು.

ಇನ್ನು ಬಿಡಾರ. ಎದುರಿಗೇ ಅಲೆಗಳು ಕಾಣುವಂತಹ ಕೊಠಡಿಯನ್ನು ಹಲವರು ಬಯಸುವರು. ಚಿಕ್ಕ ಮಕ್ಕಳಿರುವವರಿಗೆ ನಾವು ಅದನ್ನು ಹೇಳೆವು. ಬಾಗಿಲು ತೆರೆದರೆ ಕಡಲು ಎಂದಾದರೆ ತಾಯಿಗೆ ವಿಶ್ರಾಂತಿಯೆಂಬುದಿಲ್ಲ. ನಗರದ ಉತ್ತರಕ್ಕಿರುವ ದೇರೆಬೈಲಿನಂತಹ ಒಳಭಾಗವೇ ವಾಸಿ. ಬಿಜೈಯ ಸರಕಾರೀ ಬಸ್ಸು ನಿಲ್ದಾಣವು ಅಲ್ಲಿಗೆ ಹತ್ತಿರ. ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿಯನ್ನು ಹಿಡಿದರೆ ಪಣಂಬೂರಿನ ದಂಡೆಯು ದೂರವಲ್ಲ. ಅಲ್ಲಿಯೇ ನಾಲ್ಕು ದಿನ ನೆಲಸಬೇಕು. ದಿನಕ್ಕೊಂದು ಊರು, ಊರಿಗೆರಡು ಗುಡಿ ಎಂದು ಮಕ್ಕಳನ್ನು ವಾಹನದಲ್ಲಿ ತುಂಬಿ ಓಡಿಸುವುದು ಪ್ರವಾಸವಲ್ಲ, ಸಾಗಾಣಿಕೆ.

ಬೆಳಗ್ಗೆ ಒಂದು ಸ್ಥಳ, ಮಧ್ಯಾಹ್ನ ನಿದ್ರೆ, ಸಂಜೆಗೆ ಕಡಲು: ಇಷ್ಟೇ ಸಾಕು. ಪಿಲಿಕುಳದ ನಿಸರ್ಗಧಾಮದಲ್ಲಿ ಮೃಗಾಲಯವೂ, ವಿಜ್ಞಾನ ಕೇಂದ್ರವೂ, 2018ರಲ್ಲಿ ತೆರೆದ ತಾರಾಲಯವೂ ಇರುವುದರಿಂದ ಒಂದು ಬೆಳಗು ಪೂರ್ತಿ ಅದಕ್ಕೇ ಮೀಸಲಿಡಬೇಕು. ಸೋಮವಾರ ಮಾತ್ರ ಹೋಗಬಾರದು, ಅಂದು ಬಾಗಿಲು ಮುಚ್ಚಿರುವುದು. ಕದ್ರಿಯಲ್ಲಿ ಕ್ರಿ. ಶ. 968ರ ಶಾಸನವನ್ನು ಪೀಠದಲ್ಲಿ ಹೊತ್ತ ಲೋಕೇಶ್ವರನ ಕಂಚಿನ ವಿಗ್ರಹವುಂಟು. ಸುಲ್ತಾನ್ ಬತ್ತೇರಿಯು ಟಿಪ್ಪುವು 1784ರಲ್ಲಿ ಹೊಳೆಬಾಯಿಯನ್ನು ಕಾಯಲು ಕಟ್ಟಿಸಿದ ಕಾವಲುಗೋಪುರ. ತುಪಾಕಿಯ ಕಂಡಿಗಳಿರುವುದರಿಂದ ಹುಡುಗರಿಗೆ ವಿವರಣೆಯೇ ಬೇಕಾಗದು. ಸಂಜೆಗೆ ಜೀವರಕ್ಷಕರು ಕಾವಲಿರುವ ದಂಡೆಯನ್ನೇ ಆರಿಸಬೇಕು. ಸೋಮೇಶ್ವರದ ಬಂಡೆಗಳನ್ನು ದೂರದಿಂದ ನೋಡುವುದೇ ಕ್ಷೇಮ. ಕಾರು ಇದ್ದವರು 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ಪಡೆದ ಪಡುಬಿದ್ರೆಯ ದಂಡೆಗೆ ಹೋಗಿಬರಬಹುದು.

ಬೆಂಗಳೂರಿನವರು ಹಗಲಿನ ರೈಲಿನಲ್ಲಿ ಬಂದರೆ ಹಾದಿಯೇ ಅರ್ಧ ಪ್ರವಾಸ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ ಸುರಂಗಗಳೇ 57. ಎಣಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ತಂದೆತಾಯಿಗಳಿಗೆ ಎರಡು ಗಂಟೆಯ ಮೌನವು ಲಭಿಸುವುದು. ಗಾಜಿನ ಮಾಡಿನ ಡಬ್ಬಿಗಳನ್ನು ಈ ದಾರಿಯಲ್ಲಿ ಮೊದಲು ಜೋಡಿಸಿದ್ದು 2021ರಲ್ಲಿ. ಮಳೆಗಾಲದಲ್ಲಿ ಮಾತ್ರ ಇದನ್ನು ನಂಬಿ ಟಿಕೆಟು ಕೊಳ್ಳಲಾಗದು. 2018ರಲ್ಲಿಯೂ 2024ರಲ್ಲಿಯೂ ಗುಡ್ಡ ಜರಿದು ಸಂಚಾರವು ನಿಂತುಹೋಗಿತ್ತು.

ಡಿಸೆಂಬರಿನಲ್ಲಿ ಬಂದವರಿಗೆ ಇನ್ನೊಂದು ಲಾಭವುಂಟು. ಯಕ್ಷಗಾನ ಮೇಳಗಳು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಬಳಿಕ. ಡಿಸೆಂಬರಿನಲ್ಲಿ ಯಾವುದಾದರೊಂದು ಬಯಲಿನಲ್ಲಿ ಆಟವಿದ್ದೇ ಇರುವುದು. ಪ್ರವೇಶಕ್ಕೆ ಹಣ ಕೊಡಬೇಕಾದುದಿಲ್ಲ. ಚಳಿಗೊಂದು ಹೊದಿಕೆಯನ್ನು ಒಯ್ಯಿರಿ. ಬಣ್ಣದ ವೇಷವು ರಂಗಕ್ಕೆ ಬರುವ ಮೊದಲೇ ಮಗುವು ಮಡಿಲಲ್ಲಿ ನಿದ್ದೆಹೋದರೆ ಎಬ್ಬಿಸುವ ಗೋಜಿಗೆ ಹೋಗಬೇಡಿರಿ. ಚೆಂಡೆಯು ಆ ಕೆಲಸವನ್ನು ಮಾಡುವುದು.